ಕರಿಮದ್ದಿನ ರಿವಾಲ್ವರ್: ಖರ್ಚು ಕಡಿಮೆ, ಕಟ್ಟುಪಾಡು ಹೆಚ್ಚು

ಮಾನ್ಯ ಸಂಪಾದಕರಿಗೆ ವಂದನೆಗಳು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಹವ್ಯಾಸಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಾದರಿಯ ಕರಿಮದ್ದಿನ ರಿವಾಲ್ವರ್‌ಗಳಿಂದ ಗುರಿ ಹೊಡೆಯುವ ಕ್ರೀಡೆಯ ಪ್ರಸ್ತಾಪವೂ ಇದ್ದುದನ್ನು ಓದಿ ಸಂತೋಷಪಟ್ಟೆ. ಆದರೆ ಆ ಬರಹದಲ್ಲಿ ಇದು ಕೈತುಂಬ ಹಣವಿರುವವರ ಶೋಕಿ ಎಂದೂ, ಅಲ್ಲಿ ಇದಕ್ಕೆ ಯಾವ ಪರವಾನಗಿಯೂ ಬೇಕಾಗಿಲ್ಲ ಎಂದೂ ಎರಡು ಮಾತುಗಳಿವೆ. ಮೊದಲನೆಯದು ಸರಿಯಲ್ಲ, ಎರಡನೆಯದು ಅರ್ಧ ಮಾತ್ರ ನಿಜ. ಕೊಡಗಿನಲ್ಲಿ ಹುಟ್ಟಿ, ಈಗ ಒಹಾಯೊ ರಾಜ್ಯದಲ್ಲಿದ್ದು, ಹಲವು ವರ್ಷಗಳಿಂದ ಈ ಕ್ರೀಡೆಯಲ್ಲಿ ತೊಡಗಿರುವವನಾಗಿ, ಈ ಎರಡನ್ನೂ ಕುರಿತು ಸ್ವಲ್ಪ ವಿವರವಾಗಿ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ. ಇಲ್ಲಿಗೆ ಬಂದು ನೆಲೆಸಿರುವ ನಮ್ಮ ಹುಡುಗರಲ್ಲಿ ಕೆಲವರು ಇತ್ತೀಚೆಗೆ ಈ ಕಡೆ ಆಸಕ್ತಿ ತೋರುತ್ತಿದ್ದು, ಅವರ ಹಣ ಹೋಗಬಾರದ ಕಡೆಗೆ ಹೋಗುವುದನ್ನು ಆಗಾಗ ನೋಡುತ್ತಿರುವುದೂ ಈ ಪತ್ರಕ್ಕೆ ಕಾರಣ.

ವಿಷಯ ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಈ ರಿವಾಲ್ವರ್‌ಗೆ ತೋಟಾ ಇಲ್ಲ. ಸಿಲಿಂಡರಿನ ಆರು ಚೇಂಬರ್‌ಗಳಿಗೆ ಮುಂಭಾಗದಿಂದಲೇ ಮದ್ದು ಸುರಿದು, ಅದರ ಮೇಲೆ ಸೀಸದ ಉಂಡೆ ಗುಂಡನ್ನಿಟ್ಟು, ನಳಿಗೆಯ ಅಡಿಯಲ್ಲಿ ಜೋಡಿಸಿರುವ ಸನ್ನೆಕೋಲಿನಿಂದ ಒತ್ತಿ ಕೂರಿಸಿ, ಕೊನೆಗೆ ಹಿಂಬದಿಯಲ್ಲಿರುವ ನಿಪ್ಪಲ್ ಎಂಬ ಪುಟ್ಟ ಕೊಳವೆಗಳಿಗೆ, ಹ್ಯಾಮರ್ ಎಂಬ ಸುತ್ತಿಗೆ ಬಡಿದಾಗ ಕಿಡಿ ಹಾರಿಸುವ ತಾಮ್ರದ ಒಂದೊಂದು ಕೇಪು ತೊಡಿಸಬೇಕು. ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿಗೆ ಈಡು ತುಂಬುವುದನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಮದ್ದು ಜಡಿಯುವ ಗಜದ ಕೋಲಿನ ಬದಲು ಸನ್ನೆ, ಒಂದು ಈಡಿನ ಬದಲು ಆರು, ಅಷ್ಟೇ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಅವನ 1851ರ ನೇವಿ, 1860ರ ಆರ್ಮಿ ಮಾದರಿಗಳೂ ರೆಮಿಂಗ್ಟನ್ ಕಂಪನಿಯ ನ್ಯೂ ಮಾಡೆಲ್ ಆರ್ಮಿಯೂ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೈನಿಕರ ಸೊಂಟದಲ್ಲಿದ್ದವು. ರೆಮಿಂಗ್ಟನ್‌ನ ಆ ಮಾದರಿ ಯುದ್ಧದ ನಡುವೆ ತಯಾರಾದದ್ದಾದರೂ, ನಳಿಗೆಯ ಮೇಲೆ 1858ರ ಪೇಟೆಂಟ್ ದಿನಾಂಕ ಕೆತ್ತಿರುವುದರಿಂದ ಎಲ್ಲರೂ ಅದನ್ನು 1858 ಎಂದೇ ಕರೆಯುತ್ತಾರೆ.

ಆ ಕಾಲದ ಅಸಲಿ ರಿವಾಲ್ವರ್‌ಗಳಿಗೆ ಇಂದು ಸಾವಿರಾರು ಡಾಲರ್ ಬೆಲೆಯಿದೆ. ಶೋಕಿ ಎಂಬ ಮಾತು ಅವುಗಳ ಸಂಗ್ರಾಹಕರಿಗೆ ಒಪ್ಪಬಹುದು. ಆದರೆ ಗುರಿ ಹೊಡೆಯುವವರು ಬಳಸುವುದು ಅವನ್ನಲ್ಲ. ಇಟಲಿಯಲ್ಲಿ ಹೊಸದಾಗಿ ತಯಾರಾದ ಪ್ರತಿಕೃತಿಗಳನ್ನು. ಅಂತರ್ಯುದ್ಧದ ಶತಮಾನೋತ್ಸವ ಹತ್ತಿರ ಬರುತ್ತಿದ್ದ 1950ರ ದಶಕದ ಕೊನೆಯಲ್ಲಿ ಇವುಗಳಿಗೆ ಬೇಡಿಕೆ ಹುಟ್ಟಿತು. ಬ್ರೆಷಾ ಪ್ರಾಂತ್ಯದ ಕಣಿವೆಯಲ್ಲಿ ಶತಮಾನಗಳಿಂದ ನಳಿಗೆ ಕೊರೆದು ಬದುಕಿದ ಊರುಗಳ ಕುಶಲಕರ್ಮಿಗಳು ಆ ಬೇಡಿಕೆಯನ್ನು ಪೂರೈಸಿದರು. ಇಂದು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವುದು ಪಿಯೆಟ್ಟಾ ಮತ್ತು ಉಬೆರ್ಟಿ ಎಂಬ ಎರಡು ಹೆಸರುಗಳು. ಉಬೆರ್ಟಿಯ ನಯಗೆಲಸ ತುಸು ಮೇಲು, ಬೆಲೆಯೂ ತುಸು ಮೇಲು. ಪಿಯೆಟ್ಟಾ ಅಗ್ಗ, ಮತ್ತು ಇತ್ತೀಚಿನ ವರ್ಷಗಳ ಪಿಯೆಟ್ಟಾಗಳಲ್ಲಿ ದೂರುವಂಥದ್ದು ಹೆಚ್ಚೇನೂ ನನಗೆ ಕಂಡಿಲ್ಲ. ಉಕ್ಕಿನ ಚೌಕಟ್ಟಿನ ಪಿಯೆಟ್ಟಾ 1858 ಸುಮಾರು 300 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಅಂಗಡಿಗಳು ಆಗಾಗ ರಿಯಾಯಿತಿ ಕೊಡುವುದುಂಟು. ತಾಳ್ಮೆಯಿದ್ದವರಿಗೆ ಇನ್ನೂ ಕಡಿಮೆಯಾದೀತು.

ಹೊಸಬರು ಎಡವುವುದು ಇಲ್ಲಿಯೇ. ಅದೇ ಅಂಗಡಿಯ ಅದೇ ಕಪಾಟಿನಲ್ಲಿ, ಹಿತ್ತಾಳೆ ಚೌಕಟ್ಟಿನ, ಹಳದಿಯಾಗಿ ಹೊಳೆಯುವ, ನೂರು ಡಾಲರಿನಷ್ಟು ಅಗ್ಗವಾದ ಇನ್ನೊಂದು ರಿವಾಲ್ವರ್ ಇರುತ್ತದೆ. ನೋಡಲು ಅದೇ ಚೆಂದ. ಅಂತರ್ಯುದ್ಧದ ಕಾಲದಲ್ಲಿ ಉಕ್ಕು, ಕಬ್ಬಿಣಗಳ ಅಭಾವದಲ್ಲಿದ್ದ ದಕ್ಷಿಣದ ರಾಜ್ಯಗಳಲ್ಲಿ ಹಿತ್ತಾಳೆ ಚೌಕಟ್ಟಿನ ರಿವಾಲ್ವರ್‌ಗಳು ತಯಾರಾದದ್ದು ನಿಜ. ಜಾರ್ಜಿಯಾದ ಗ್ರಿಸ್ವೋಲ್ಡ್‌ವಿಲ್‌ನಲ್ಲಿ ತಯಾರಾದವು ಅವುಗಳಲ್ಲಿ ಪ್ರಸಿದ್ಧ. ಆದರೆ ಅವು ಪಾಯಿಂಟ್ 36 ಗಾತ್ರದವು (ನಳಿಗೆಯ ಒಳ ಅಗಲವನ್ನು ಇಂಚಿನಲ್ಲಿ ಹೇಳುವ ರೂಢಿ ಇದು). ಇಂದು ಅಗ್ಗದ ಬೆಲೆಗೆ ಮಾರುವ ಪಾಯಿಂಟ್ 44 ಗಾತ್ರದ ಹಿತ್ತಾಳೆ ನೇವಿಗೆ ಚರಿತ್ರೆಯ ಆಧಾರವೂ ಇಲ್ಲ, ಬಾಳಿಕೆಯೂ ಇಲ್ಲ. ಹಿತ್ತಾಳೆ ಮೆದು. ಪ್ರತಿ ಈಡಿಗೂ ಸಿಲಿಂಡರ್ ಹಿಂದಕ್ಕೆ ಗುದ್ದುವುದರಿಂದ, ಮದ್ದು ಸ್ವಲ್ಪ ಹೆಚ್ಚು ಹಾಕುವ ಅಭ್ಯಾಸವಿದ್ದವರ ಕೈಯಲ್ಲಿ ಸಿಲಿಂಡರಿನ ಹಲ್ಲುಗಳ ಅಚ್ಚು ಚೌಕಟ್ಟಿನ ಹಿಂಗೋಡೆಯಲ್ಲಿ ಮೂಡುತ್ತದೆ, ನಳಿಗೆಯನ್ನು ಹಿಡಿದಿಡುವ ಕಂಬ ಅಲುಗಾಡತೊಡಗುತ್ತದೆ, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಅಗಲವಾಗುತ್ತದೆ. ಹಗುರವಾದ ಮದ್ದಿಗೆ ಒಗ್ಗಿಕೊಂಡವರ ಕೈಯಲ್ಲಿ ಅದು ಬಹುಕಾಲ ಬಾಳಿದ್ದೂ ಇದೆ. ಆದರೆ ಹೊಸಬರಿಗೆ ಆ ಸಂಯಮ ಮೊದಲ ದಿನವೇ ಬರುವುದಿಲ್ಲ. ಎರಡನೆಯ ಕೈಯದನ್ನು ಕೊಳ್ಳುವವರು ಸಿಲಿಂಡರನ್ನು ಬಿಚ್ಚಿಸಿ ಆ ಹಿಂಗೋಡೆಯನ್ನೊಮ್ಮೆ ನೋಡಿದರೆ ಸಾಕು. ಅಲ್ಲಿ ಉಂಗುರದಂತೆ ಗುರುತು ಬಿದ್ದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಚೇಂಬರ್‌ಗಳ ಒಳಗೂ ನಳಿಗೆಯ ಒಳಗೂ ತುಕ್ಕಿನ ಗುಳಿಗಳಿವೆಯೇ, ಹ್ಯಾಮರ್ ಎಳೆದಾಗ ಸಿಲಿಂಡರ್ ಸರಿಯಾದ ಜಾಗಕ್ಕೆ ಬಂದು ಅಲುಗದೆ ನಿಲ್ಲುತ್ತದೆಯೇ ಎಂಬುದನ್ನೂ ನೋಡಿಕೊಂಡರೆ ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಉತ್ಸಾಹದಿಂದ ಕೊಂಡು, ಒಂದೆರಡು ಬಾರಿ ಹೊಡೆದು, ಮಸಿ ತೊಳೆಯುವ ಕೆಲಸಕ್ಕೆ ಬೇಸತ್ತು ಮಾರಿಬಿಡುವವರು ಇಲ್ಲಿ ಬೇಕಾದಷ್ಟು ಜನರಿದ್ದಾರೆ.

ಕೋಲ್ಟ್ ಒಳ್ಳೆಯದೋ ರೆಮಿಂಗ್ಟನ್ ಒಳ್ಳೆಯದೋ ಎಂಬ ವಾದ ನೂರೈವತ್ತು ವರ್ಷಗಳಿಂದಲೂ ಮುಗಿದಿಲ್ಲ. ನನ್ನ ಪತ್ರದಿಂದ ಮುಗಿಯುವುದೂ ಇಲ್ಲ. ಕೋಲ್ಟ್ ಕೈಗೆ ಸೊಗಸಾಗಿ ಕೂರುತ್ತದೆ, ಸಿಲಿಂಡರ್ ತಿರುಗುವ ಅದರ ದಪ್ಪ ಕಂಬ ಮಸಿಗೆ ಅಷ್ಟು ಬೇಗ ಬಿಗಿಯುವುದಿಲ್ಲ. ಆದರೆ ಅದರ ಮೇಲ್ಭಾಗ ತೆರೆದಿರುತ್ತದೆ, ನಳಿಗೆ ನಿಲ್ಲುವುದು ಒಂದು ಬೆಣೆಯ ಮೇಲೆ, ಹಿಂದಿನ ಗುರಿಕಚ್ಚು ಇರುವುದು ಹ್ಯಾಮರಿನ ತಲೆಯಲ್ಲಿ, ಮತ್ತು ಇಪ್ಪತ್ತೈದು ಗಜದ ಗುರಿಗೆ ಹೊಡೆದರೆ ಗುಂಡು ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಸಿಡಿದ ಕೇಪಿನ ಚೂರು ಹ್ಯಾಮರಿನ ಕೆಳಗೆ ಬಿದ್ದು ಯಂತ್ರ ಕಚ್ಚಿಕೊಳ್ಳುವ ಕಿರಿಕಿರಿಯೂ ಕೋಲ್ಟ್‌ನಲ್ಲೇ ಹೆಚ್ಚು. ರೆಮಿಂಗ್ಟನ್‌ನಲ್ಲಿ ಸಿಲಿಂಡರಿನ ಮೇಲೆ ಗಟ್ಟಿ ಪಟ್ಟಿಯಿದೆ. ಹ್ಯಾಮರನ್ನು ಅರ್ಧ ಎಳೆದು, ಸನ್ನೆ ಇಳಿಸಿ, ಸಿಲಿಂಡರಿನ ನಡುವಿನ ಕಂಬಿಯನ್ನು ಮುಂದಕ್ಕೆ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಮೊದಲ ರಿವಾಲ್ವರ್ ಕೊಳ್ಳುವವರಿಗೆ, ತೊಳೆಯುವ ಸುಲಭಕ್ಕಾಗಿಯಾದರೂ, ನಾನು ಉಕ್ಕಿನ 1858ನ್ನೇ ಹೇಳುತ್ತೇನೆ.

ಅಂಗಡಿಯವರು ಹೊಸಬರ ಮುಂದಿಡುವ ಎರಡನೆಯ ಆಮಿಷವೆಂದರೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಸಿಗುವ ಆರಂಭಿಕರ ಕಿಟ್. ಅದರಲ್ಲಿ ಹಿತ್ತಾಳೆಯ ಮದ್ದಿನ ಬುಡ್ಡಿ, ನಿಪ್ಪಲ್ ಬಿಚ್ಚುವ ಪಾನಾ, ಕೇಪು ತೊಡಿಸುವ ಸಲಕರಣೆ, ಒಂದಿಷ್ಟು ಗುಂಡು, ಉಣ್ಣೆಯ ಬಿಲ್ಲೆಗಳು ಇರುತ್ತವೆ. ಇವುಗಳಲ್ಲಿ ಪಾನಾ ಬೇಕೇ ಬೇಕು. ಮದ್ದು ಅಳೆಯಲು ಒಂದು ಅಳತೆಯ ಕೊಳವೆ ಬೇಕು. ಉಳಿದವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ನಾಲ್ಕು ಸಲ ಹೊಡೆದ ಮೇಲೆ ತಾನಾಗಿ ತಿಳಿಯುತ್ತದೆ. ಕೇಪನ್ನು ಬೆರಳಲ್ಲೇ ತೊಡಿಸಬಹುದು. ಬುಡ್ಡಿ ಚೆಂದವೇ ಹೊರತು ಅವಶ್ಯವಲ್ಲ. ಬುಡ್ಡಿಯಿಂದ ನೇರವಾಗಿ ಚೇಂಬರಿಗೆ ಮದ್ದು ಸುರಿಯುವುದಂತೂ ಅಪಾಯ. ಹಿಂದಿನ ಈಡಿನ ಕಿಡಿಯೊಂದು ಚೇಂಬರಿನಲ್ಲಿ ಉಳಿದಿದ್ದರೆ, ಅಳತೆಯ ಕೊಳವೆಯಲ್ಲಿರುವ ಚಿಟಿಕೆ ಮದ್ದು ಮಾತ್ರ ಹೊತ್ತಿಕೊಳ್ಳುವುದು ಒಂದು ಮಾತು, ಕೈಯಲ್ಲಿರುವ ಇಡೀ ಬುಡ್ಡಿ ಹೊತ್ತಿಕೊಳ್ಳುವುದು ಬೇರೆಯೇ ಮಾತು.

ಇನ್ನು ಮದ್ದಿನ ಲೆಕ್ಕ. ರಿವಾಲ್ವರಿಗೆ ಬೇಕಾದದ್ದು ಮೂರು ಎಫ್ ಎಂದು ಗುರುತಿಸುವ ಸಣ್ಣ ಹರಳಿನ ಕರಿಮದ್ದು. ಒಂದು ಪೌಂಡಿನಲ್ಲಿ 7,000 ಗ್ರೇನ್. ಪಾಯಿಂಟ್ 44ರ ಉಕ್ಕಿನ ರಿವಾಲ್ವರಿಗೆ ಗುರಿ ಅಭ್ಯಾಸದಲ್ಲಿ 25 ಗ್ರೇನ್ ಧಾರಾಳ. ಅಂದರೆ ಒಂದು ಪೌಂಡಿನಲ್ಲಿ 280 ಈಡು. ಪೌಂಡಿಗೆ 30 ಡಾಲರ್ ಎಂದಿಟ್ಟುಕೊಂಡರೂ ಈಡೊಂದಕ್ಕೆ ಮದ್ದಿನ ಖರ್ಚು ಹನ್ನೊಂದು ಸೆಂಟಿನಷ್ಟು. ಕೇಪಿಗೆ ಹತ್ತು ಸೆಂಟು, ಅಂಗಡಿಯ ಗುಂಡಿಗೆ ಹದಿನೈದರಿಂದ ಇಪ್ಪತ್ತು ಸೆಂಟು ಸೇರಿಸಿದರೆ ಒಟ್ಟು ನಲವತ್ತು ಸೆಂಟಿನ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ಒಂದು ಈಡು. ಪಾಯಿಂಟ್ 22ರ ತೋಟಾ ಇದಕ್ಕಿಂತ ಬಹಳ ಅಗ್ಗ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ; ಕಡಿಮೆ ದುಡ್ಡಿಗೆ ಹೆಚ್ಚು ಗುಂಡು ಹಾರಿಸುವುದೇ ಗುರಿಯಾದರೆ ಅದನ್ನೇ ಆರಿಸಿಕೊಳ್ಳಲಿ. ಆದರೆ ತೋಟಾ ಬಂದೂಕಿನವನು ಒಂದು ಮಧ್ಯಾಹ್ನದಲ್ಲಿ ಇನ್ನೂರು ಗುಂಡು ಖಾಲಿಮಾಡಿ ಮನೆಗೆ ಹೋಗುತ್ತಾನೆ. ಕರಿಮದ್ದಿನವನು ಐದೋ ಆರೋ ಹೊಡೆದು, ಒರೆಸಿ, ಮತ್ತೆ ತುಂಬಿ, ಪಕ್ಕದವರ ಜೊತೆ ಎರಡು ಮಾತಾಡಿ, ಸಂಜೆಯ ಹೊತ್ತಿಗೆ ಮೂವತ್ತು ನಲವತ್ತು ಈಡು ಮುಗಿಸಿದರೆ ಹೆಚ್ಚು. ಆ ಇಡೀ ದಿನದ ಖರ್ಚು ಹದಿನೇಳು ಡಾಲರ್ ದಾಟುವುದಿಲ್ಲ. ಖರ್ಚು ಇಳಿಸುವುದು ಸಾಮಾನಿನ ಬೆಲೆಯಲ್ಲ, ಈ ನಿಧಾನ; ಪುರವಣಿಯ ಲೇಖಕರ ಗಮನಕ್ಕೆ ಬಾರದಿದ್ದುದು ಇದೇ.

ನಿಜವಾದ ಕರಿಮದ್ದು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಅದು ಸ್ಫೋಟಕದ ವರ್ಗಕ್ಕೆ ಸೇರಿದ್ದರಿಂದ ಇಟ್ಟು ಮಾರುವ ನಿಯಮಗಳು ಕಠಿಣ. ಅಮೆರಿಕದಲ್ಲಿ ಕರಿಮದ್ದು ತಯಾರಿಸುತ್ತಿದ್ದ ಲೂಯಿಸಿಯಾನದ ಗೋಎಕ್ಸ್ ಕಾರ್ಖಾನೆ 2021ರಲ್ಲಿ ನಿಂತು, ಮರುವರ್ಷ ಬೇರೆಯವರ ಕೈಗೆ ಹೋದಾಗ ಇಲ್ಲಿನ ಹವ್ಯಾಸಿಗಳು ಪಟ್ಟ ಆತಂಕ ನೆನಪಿದೆ. ಅಂಗಡಿಯಲ್ಲಿ ಕೊಳ್ಳುವ ಬದಲು ವಿಶೇಷ ಸಾಗಣೆಯಲ್ಲಿ ತರಿಸಿಕೊಳ್ಳುವುದಾದರೆ ಅಪಾಯಕಾರಿ ವಸ್ತುಗಳ ಶುಲ್ಕವೆಂದು ಪ್ರತ್ಯೇಕವಾಗಿ ತೆರಬೇಕಾಗುತ್ತದೆ; ಒಂದು ಪೌಂಡಿಗಾಗಿ ಆ ಶುಲ್ಕ ಕಟ್ಟುವುದು ದಂಡ. ಕ್ಲಬ್ಬಿನ ನಾಲ್ಕಾರು ಮಂದಿ ಸೇರಿ ತರಿಸಿದರೆ ಹಂಚಿಹೋಗುತ್ತದೆ. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಮೊದಲಾದ ಬದಲಿ ಮದ್ದುಗಳು ಸಾಮಾನ್ಯ ಬೇಟೆ ಅಂಗಡಿಗಳಲ್ಲೂ ಸಿಗುತ್ತವೆ. ಇವನ್ನು ತೂಕದಿಂದಲ್ಲ, ಕರಿಮದ್ದಿನ ಅಳತೆಯ ಕೊಳವೆಯಿಂದಲೇ ಅಳೆಯಬೇಕು. ಟ್ರಿಪಲ್ ಸೆವೆನ್ ಹೆಚ್ಚು ಬಿರುಸಾದ್ದರಿಂದ ಆ ಅಳತೆಯಲ್ಲೂ ಸುಮಾರು ಶೇಕಡ 15ರಷ್ಟು ಇಳಿಸಬೇಕು. ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಮಾತ್ರ ಎಷ್ಟೇ ಸ್ವಲ್ಪವಾದರೂ ಹಾಕಬಾರದು. ಈ ರಿವಾಲ್ವರ್‌ಗಳು ಆ ಒತ್ತಡಕ್ಕಾಗಿ ತಯಾರಾದವಲ್ಲ. ಸಿಲಿಂಡರ್ ಸಿಡಿದು ಕೈ, ಕಣ್ಣು ಹೋಗುವುದು ಖಂಡಿತ. ಮನೆಯಲ್ಲೇ ಮದ್ದು ತಯಾರಿಸುತ್ತೇನೆ ಎನ್ನುವವರ ಹತ್ತಿರವೂ ಸುಳಿಯಬೇಡಿ.

ಮದ್ದು ಕಡಿಮೆ ಹಾಕಿದಾಗ ಗುಂಡು ಚೇಂಬರಿನಲ್ಲಿ ಆಳಕ್ಕೆ ಹೋಗಿ ಕೂರುತ್ತದೆ, ಅದರಿಂದ ಗುರಿ ಕೆಡುತ್ತದೆ ಎಂಬುದು ಇಲ್ಲಿಯವರ ಅನುಭವ. ಆ ಜಾಗ ತುಂಬಲು ಮದ್ದಿನ ಮೇಲೆ ಜೋಳದ ತರಿಯನ್ನೋ ಗೋಧಿಯ ತರಿಯನ್ನೋ ಹಾಕುತ್ತಾರೆ. ಭಾರತೀಯ ಅಂಗಡಿಯಿಂದ ತಂದ ಉಪ್ಪಿಟ್ಟಿನ ರವೆ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಮತ್ತು ಅವರ ಡಬ್ಬಿಯ ತರಿಗಿಂತ ಅಗ್ಗ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಈಗ ಬನ್ಸಿ ರವೆ, ಚಿರೋಟಿ ರವೆಗಳ ವ್ಯತ್ಯಾಸವನ್ನು ನನ್ನಿಂದ ಕೇಳಿ ತಿಳಿದುಕೊಂಡಿದ್ದಾರೆ. ಅವರಿಗೆ ಇಷ್ಟವಾದದ್ದು ಚಿರೋಟಿ.

ಗುಂಡನ್ನು ಮನೆಯಲ್ಲೇ ಎರಕಹೊಯ್ದುಕೊಂಡರೆ ಖರ್ಚು ಮತ್ತಷ್ಟು ಇಳಿಯುತ್ತದೆ. ಎರಡು ಗುಂಡುಗಳ ಅಲ್ಯೂಮಿನಿಯಂ ಅಚ್ಚು, ಒಂದು ಸಣ್ಣ ಕರಗಿಸುವ ಪಾತ್ರೆ, ಒಂದು ಸೌಟು ಇದ್ದರೆ ಆಯಿತು. ಶುದ್ಧವಾದ ಮೆದು ಸೀಸವೇ ಬೇಕು. ಗಾಡಿಯ ಚಕ್ರಕ್ಕೆ ಹಾಕುವ ತೂಕದ ಚೂರುಗಳಲ್ಲಿ ಬೇರೆ ಲೋಹ ಬೆರೆತು ಗಡುಸಾಗಿರುವುದರಿಂದ ಸನ್ನೆ ಬಾಗುವಷ್ಟು ಬಲ ಹಾಕಬೇಕಾಗುತ್ತದೆ. ಆದರೆ ಮೊದಲ ವರ್ಷವೇ ಇದಕ್ಕೆ ಕೈಹಾಕುವುದು ನನಗೆ ಸರಿಕಾಣುವುದಿಲ್ಲ. ಸೀಸ ವಿಷ. ಅದನ್ನು ಅಡುಗೆಮನೆಯಲ್ಲಿ ಕರಗಿಸುವಂತಿಲ್ಲ, ಅಡುಗೆಯ ಪಾತ್ರೆಯಲ್ಲಂತೂ ಕೂಡದು. ಗಾಳಿಯಾಡುವ ಹೊರಜಾಗ ಬೇಕು, ಕೈಗವಸು, ಕನ್ನಡಕ ಬೇಕು, ಮಕ್ಕಳು ದೂರವಿರಬೇಕು. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಆವಿಯಾಗಿ ಸಿಡಿದು ಪಾತ್ರೆಯಲ್ಲಿದ್ದದ್ದೆಲ್ಲ ಮೈಮೇಲೆ ಎರಚುತ್ತದೆ. ನೂರು ಗುಂಡಿನ ಡಬ್ಬಿ ಕೊಳ್ಳುವುದು ಆ ಮಟ್ಟಿಗೆ ದುಬಾರಿಯೇನಲ್ಲ. ಕೊಳ್ಳುವಾಗ ಅಳತೆಯ ಬಗ್ಗೆ ಎಚ್ಚರವಿರಲಿ: ಪಿಯೆಟ್ಟಾದ ಪಾಯಿಂಟ್ 44ಕ್ಕೆ ಸಾಮಾನ್ಯವಾಗಿ ಪಾಯಿಂಟ್ 451ರ ಗುಂಡು, ಉಬೆರ್ಟಿಗೆ ಪಾಯಿಂಟ್ 454, ಪಾಯಿಂಟ್ 36ರ ನೇವಿಗೆ ಪಾಯಿಂಟ್ 375.

ಅಳತೆ ಸರಿಯಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೊಂದಿದೆ. ಗುಂಡನ್ನು ಚೇಂಬರಿನ ಬಾಯಿಗಿಟ್ಟು ಸನ್ನೆ ಒತ್ತಿದಾಗ, ಉಗುರಿನ ಅಂಚಿನಷ್ಟು ತೆಳುವಾದ ಸೀಸದ ಬಳೆಯೊಂದು ಸುತ್ತಲೂ ಕತ್ತರಿಸಿಕೊಂಡು ಹೊರಗೆ ಉಳಿಯಬೇಕು. ಪೂರ್ಣ ಬಳೆ ಬಿದ್ದರೆ ಗುಂಡು ಚೇಂಬರಿನ ಗೋಡೆಗೆ ಬಿಗಿಯಾಗಿ ಕೂತಿದೆ ಎಂದರ್ಥ. ಅರ್ಧವೇ ಬಿದ್ದರೆ ಅಥವಾ ಬೀಳದೇ ಹೋದರೆ ಸಂದು ಉಳಿದಿದೆ ಎಂದರ್ಥ. ಆ ಸಂದಿನ ಮೂಲಕ ಪಕ್ಕದ ಚೇಂಬರಿನ ಬೆಂಕಿ ನುಗ್ಗಿದರೆ, ನಳಿಗೆಯ ಎದುರಿಗಿಲ್ಲದ ಚೇಂಬರ್‌ಗಳೂ ಒಟ್ಟಿಗೆ ಸಿಡಿಯುತ್ತವೆ. ಸಡಿಲವಾಗಿ ಕೂತ ಕೇಪಿನ ಕಡೆಯಿಂದಲೂ ಹೀಗಾಗುವುದುಂಟು. ಆದ್ದರಿಂದ ಬಿಗಿಯಾದ ಗುಂಡು, ಮದ್ದಿನ ಮೇಲೆ ಮೇಣ ಸವರಿದ ಉಣ್ಣೆಯ ಬಿಲ್ಲೆ ಅಥವಾ ಗುಂಡಿನ ಮೇಲೆ ಜಿಡ್ಡು, ಬಿಗಿಯಾಗಿ ಹಿಡಿಯುವ ಕೇಪು, ಈ ಮೂರರಲ್ಲಿ ಯಾವುದನ್ನೂ ಬಿಡಬಾರದು. ಜೇನುಮೇಣಕ್ಕೆ ಕುರಿಕೊಬ್ಬನ್ನೋ ಅಡುಗೆಯ ಗಟ್ಟಿ ಎಣ್ಣೆಯನ್ನೋ ಬೆರೆಸಿ ಕಾಯಿಸಿದರೆ ಜಿಡ್ಡು ಸಿದ್ಧ. ಅಂಗಡಿಯಲ್ಲಿ ಪುಟ್ಟ ಡಬ್ಬಿಗೆ ಕೇಳುವ ಬೆಲೆ ತೆರಬೇಕಾಗಿಲ್ಲ. ವಾಹನಗಳ ಪೆಟ್ರೋಲಿಯಂ ಗ್ರೀಸ್ ಬೇಡ, ಕರಿಮದ್ದಿನ ಮಸಿಯೊಡನೆ ಸೇರಿ ಅದು ಟಾರಿನಂತೆ ಅಂಟುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಗಾಳಿಯ ಜಾಗ ಉಳಿಯದಂತೆ ಗುಂಡನ್ನು ಪೂರ್ತಿ ಒತ್ತಬೇಕು. ಕೇಪು ತೊಡಿಸುವುದು ಎಲ್ಲಕ್ಕಿಂತ ಕೊನೆಗೆ, ಗುಂಡು ಹಾರಿಸುವ ಸಾಲಿನಲ್ಲಿ ನಿಂತು, ನಳಿಗೆ ಗುರಿಯ ಕಡೆಗಿರುವಾಗ. ಆರರಲ್ಲಿ ಐದನ್ನೇ ತುಂಬಿ, ಖಾಲಿ ಚೇಂಬರಿನ ಮೇಲೆ ಹ್ಯಾಮರ್ ಇಳಿಸಿಡುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ.

ಖರ್ಚು ಉಳಿಸಬಾರದ ಕಡೆ ಎಂದರೆ ಕಣ್ಣು ಮತ್ತು ಕಿವಿ. ಕೇಪು ಸಿಡಿದಾಗ ತಾಮ್ರದ ಚೂರುಗಳು ಹಿಂದಕ್ಕೂ ಪಕ್ಕಕ್ಕೂ ಹಾರುತ್ತವೆ. ಪಕ್ಕದವನ ರಿವಾಲ್ವರಿನಿಂದ ಬಂದ ಚೂರು ನನ್ನ ಕನ್ನಡಕದ ಗಾಜಿಗೆ ಬಡಿದು ಗೀರು ಬಿದ್ದಿದೆ. ತಮ್ಮ ಪುರವಣಿಯ ಚಿತ್ರದಲ್ಲಿ ಹೊಗೆಯ ನಡುವೆ ನಿಂತಿರುವ ವ್ಯಕ್ತಿ ಕನ್ನಡಕವನ್ನೂ ಧರಿಸಿಲ್ಲ, ಕಿವಿಯನ್ನೂ ಮುಚ್ಚಿಲ್ಲ. ಚಿತ್ರ ಸೊಗಸಾಗಿದೆ, ಆದರೆ ಯಾವ ಕ್ಲಬ್ಬಿನಲ್ಲಿಯೂ ಅವರನ್ನು ಹಾಗೆ ನಿಲ್ಲಲು ಬಿಡುವುದಿಲ್ಲ.

ಇನ್ನು ತೊಳೆಯುವ ಕೆಲಸ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ಉಕ್ಕಿಗೆ ತುಕ್ಕು ಹಿಡಿಸಬಲ್ಲದು. ಆದ್ದರಿಂದ ಎಷ್ಟೇ ದಣಿದಿದ್ದರೂ ಅದೇ ಸಂಜೆ ತೊಳೆಯಬೇಕು. ಇದಕ್ಕೆ ಬಣ್ಣಬಣ್ಣದ ಬಾಟಲಿಗಳಲ್ಲಿ ಮಾರುವ ದ್ರಾವಣಗಳ ಅಗತ್ಯವಿಲ್ಲ. ಮರದ ಹಿಡಿ ಬಿಚ್ಚಿಟ್ಟು, ಬಕೆಟ್ಟಿನಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ, ನಳಿಗೆಗೆ ಒಂದು ಬ್ರಷ್ಷು, ನಿಪ್ಪಲ್‌ಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದರೆ ಹತ್ತೇ ನಿಮಿಷದಲ್ಲಿ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಗಂಧಕದ ಗುಣ ಅದು. ಗರಾಜಿನಲ್ಲಿ ಮಾಡಿದರೆ ಮನೆಯವರ ಬೈಗುಳ ತಪ್ಪೀತು. ಆಮೇಲೆ ಸುಡುವ ನೀರಿನಲ್ಲಿ ಜಾಲಿಸಿ, ಬಿಸಿಯಿರುವಾಗಲೇ ಒರೆಸಿ, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಬೇಕು. ಮತ್ತೆ ಹೊಡೆಯುವ ದಿನ ಈಡು ತುಂಬುವ ಮೊದಲು ಚೇಂಬರ್‌ಗಳ ಎಣ್ಣೆ ಒರೆಸಿ, ಖಾಲಿ ಚೇಂಬರ್‌ಗಳ ಮೇಲೆಯೇ ಒಂದೊಂದು ಕೇಪು ಸಿಡಿಸಿ ನಿಪ್ಪಲ್ ದಾರಿಯಲ್ಲಿ ಉಳಿದ ಎಣ್ಣೆಯನ್ನು ಸುಟ್ಟುಬಿಡಬೇಕು. ಇಲ್ಲದಿದ್ದರೆ ಮೊದಲ ಈಡು ಹಾರುವುದಿಲ್ಲ. ಈ ಶುದ್ಧಿಯಲ್ಲಿ ಸೋಮಾರಿತನ ಮಾಡುವವರಿಗೆ ಈ ಹವ್ಯಾಸ ನಿಜಕ್ಕೂ ದುಬಾರಿಯೇ, ಏಕೆಂದರೆ ಅವರು ಎರಡು ವರ್ಷಕ್ಕೊಮ್ಮೆ ಹೊಸ ರಿವಾಲ್ವರ್ ಕೊಳ್ಳಬೇಕಾಗುತ್ತದೆ.

ರಿವಾಲ್ವರ್, ಕನ್ನಡಕ, ಕಿವಿಮುಚ್ಚಿಗೆ, ಅಳತೆಯ ಕೊಳವೆ, ಪಾನಾ, ಒಂದು ಪೌಂಡ್ ಮದ್ದು, ಕೇಪು, ಗುಂಡು ಎಲ್ಲ ಸೇರಿ ಐನೂರು ಡಾಲರಿನೊಳಗೆ ಮುಗಿಯುತ್ತದೆ. ಆದರೆ ಅದನ್ನೂ ಮೊದಲೇ ಖರ್ಚು ಮಾಡಬೇಕಾಗಿಲ್ಲ. ರಾಷ್ಟ್ರೀಯ ಮಝಲ್ ಲೋಡಿಂಗ್ ರೈಫಲ್ ಸಂಘವು 1933ರಿಂದ ಇದೆ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ಅದರ ಬಯಲಿದ್ದು, ವರ್ಷದಲ್ಲಿ ಎರಡು ಬಾರಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತದೆ. ಅದರ ಜೊತೆ ಸಂಬಂಧವಿರುವ ಸಣ್ಣ ಕ್ಲಬ್ಬುಗಳು ಬೇರೆ ಬೇರೆ ರಾಜ್ಯಗಳಲ್ಲಿವೆ. ಅಲ್ಲಿಗೆ ಹೋಗಿ, ನನಗೆ ಕಲಿಯುವ ಆಸೆಯಿದೆ ಎಂದರೆ, ತಮ್ಮದೇ ರಿವಾಲ್ವರ್ ಕೊಟ್ಟು, ಪಕ್ಕದಲ್ಲಿ ನಿಂತು, ಒಂದು ಸುತ್ತು ತುಂಬಿ ಹೊಡೆಯಲು ಕಲಿಸುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಬಹುತೇಕ ನಿವೃತ್ತರು, ಕೇಳುವವರು ಸಿಕ್ಕಿದ್ದೇ ಅವರಿಗೆ ಖುಷಿ. ಹೀಗೆ ನಾಲ್ಕು ಬಗೆಯ ರಿವಾಲ್ವರ್ ಕೈಯಲ್ಲಿ ಹಿಡಿದು ನೋಡಿದ ಮೇಲೆ ಕೊಂಡವನು ತಪ್ಪು ಕೊಳ್ಳುವುದಿಲ್ಲ. ಮುಂದೆ ಸ್ಪರ್ಧೆಯ ಆಸೆಯಿದ್ದರೆ ಅಂತರರಾಷ್ಟ್ರೀಯ ನಿಯಮದಲ್ಲಿ 25 ಮೀಟರ್ ದೂರಕ್ಕೆ 13 ಈಡು ಹೊಡೆದು ಉತ್ತಮವಾದ 10ನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಿದೆ. ಅದಕ್ಕೂ ಈ ಪ್ರತಿಕೃತಿಯೇ ಸಾಕು.

ಈಗ ಪರವಾನಗಿಯ ಮಾತು. ಅಮೆರಿಕದ 1968ರ ಒಕ್ಕೂಟ ಕಾನೂನು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಆಯುಧಗಳನ್ನೂ, ಸಾಮಾನ್ಯ ತೋಟಾ ಬಳಸದ ಅವುಗಳ ಪ್ರತಿಕೃತಿಗಳನ್ನೂ ಪುರಾತನ ಆಯುಧ ಎಂದು ಪ್ರತ್ಯೇಕವಾಗಿ ಪರಿಗಣಿಸುತ್ತದೆ ಎಂಬುದು ನಿಜ. ಆದರೆ ಅಲ್ಲಿ ಒಕ್ಕೂಟದ ಕಾನೂನಿನ ಜೊತೆಗೆ ರಾಜ್ಯಕ್ಕೊಂದು ಕಾನೂನಿದೆ. ನ್ಯೂಜೆರ್ಸಿಯಲ್ಲಿ ಕರಿಮದ್ದಿನ ಕೈಬಂದೂಕಿಗೂ ಇತರ ಕೈಬಂದೂಕುಗಳಂತೆ ಅನುಮತಿ ಬೇಕು. ನ್ಯೂಯಾರ್ಕ್‌ನಲ್ಲಿ ಮದ್ದು ಗುಂಡುಗಳ ಜೊತೆಯಲ್ಲಿ ಇಟ್ಟುಕೊಂಡ ಕೂಡಲೇ ಆ ರಿಯಾಯಿತಿ ಹೋಗುತ್ತದೆ. ಕೆಲಸದ ವೀಸಾ ಅಥವಾ ವಿದ್ಯಾರ್ಥಿ ವೀಸಾ ಮೇಲೆ ಇಲ್ಲಿರುವವರಿಗೆ ಬಂದೂಕು ಹೊಂದುವ ವಿಷಯದಲ್ಲಿ ಒಕ್ಕೂಟ ಕಾನೂನಿನಲ್ಲೇ ನಿರ್ಬಂಧಗಳಿವೆ. ಪುರಾತನ ಆಯುಧ ಎಂಬ ವಿಂಗಡಣೆಯೊಂದನ್ನೇ ನಂಬಿ, ವಕೀಲರನ್ನು ವಿಚಾರಿಸದೆ, ಅಂಥವರು ಕೊಳ್ಳಬಾರದೆಂದೇ ನನ್ನ ಸಲಹೆ. ವಕೀಲರ ಶುಲ್ಕವೂ ಬಜೆಟ್ಟಿನಲ್ಲಿ ಸೇರಲಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೂ ಒಂದು ಮಾತು: 1997ರಲ್ಲಿ ಅಲ್ಲಿ ಕೈಬಂದೂಕುಗಳನ್ನು ನಿಷೇಧಿಸಿದಾಗ ಮುಂಭಾಗದಿಂದ ಮದ್ದು ತುಂಬುವವುಗಳನ್ನು ಬಿಟ್ಟಿದ್ದರು, ಆದರೆ ಪೊಲೀಸರ ಪ್ರಮಾಣಪತ್ರ ಪಡೆದೇ ಇಟ್ಟುಕೊಳ್ಳಬೇಕು.

ಕರ್ನಾಟಕದಲ್ಲಿರುವ ಓದುಗರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಪುರವಣಿಯ ಬರಹ ಓದಿದ ನಮ್ಮೂರಿನ ಇಬ್ಬರು ಬಂಧುಗಳು, ಬರುವಾಗ ಒಂದನ್ನು ತರಲಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ಆಗುವುದಿಲ್ಲ. ಭಾರತದ 1959ರ ಆಯುಧ ಕಾಯ್ದೆಯ ಕಣ್ಣಿಗೆ ಗುಂಡು ಹಾರಿಸಬಲ್ಲ ಹೊಸ ಪ್ರತಿಕೃತಿ ಬಂದೂಕೇ; ಅದನ್ನು ಹೊಂದಲೂ ತರಿಸಲೂ ಪರವಾನಗಿ ಬೇಕು. ಕರಿಮದ್ದನ್ನೂ ಕೇಪುಗಳನ್ನೂ ವಿಮಾನದಲ್ಲಿ ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಒಯ್ಯುವಂತೆಯೇ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿರುವವರಿಗೂ) ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಪೂಜೆಗಿಟ್ಟು, ಸುಗ್ಗಿಯ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುವ ಮನೆಯ ಕೋವಿಯ ಸಂಪ್ರದಾಯ ಆ ವಿನಾಯಿತಿಯ ಹಿಂದಿದೆ; ಅದನ್ನು ನೆಪಮಾಡಿಕೊಂಡು ಹೊರದೇಶದಿಂದ ರಿವಾಲ್ವರ್ ತರುವುದು ಆ ವಿನಾಯಿತಿಗೇ ಕುತ್ತು. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಪರವಾನಗಿಯೊಡನೆ ಅಥವಾ ವಿನಾಯಿತಿಯೊಡನೆ ಇರುವವರು ಮೇಲೆ ಹೇಳಿದ ಬಿಸಿನೀರಿನ ಶುದ್ಧಿಯನ್ನು ಅದಕ್ಕೂ ಮಾಡಬಹುದು. ಆದರೆ ವರ್ಷಗಟ್ಟಲೆ ಮೂಲೆಯಲ್ಲಿದ್ದ ಕೋವಿಯಲ್ಲಿ ಹಳೆಯ ಈಡು ಉಳಿದಿರುವುದು ಅಪರೂಪವೇನಲ್ಲವಾದ್ದರಿಂದ, ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

ಗುರಿ ಹೊಡೆಯುವ ಹಂಬಲವಷ್ಟೇ ಇದ್ದರೆ ನಮ್ಮಲ್ಲಿ ಅದಕ್ಕೆ ಅಗ್ಗದ ದಾರಿ ಬೇರೆಯೇ ಇದೆ. ಪಾಯಿಂಟ್ 177 ಮೀರದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ಪಿಸ್ತೂಲಿಗೆ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಡ. 10 ಮೀಟರ್ ಸ್ಪರ್ಧೆಗಳು ನಡೆಯುವುದೂ ಅದರಲ್ಲೇ. ಸಮೀಪದ ರೈಫಲ್ ಸಂಸ್ಥೆಯನ್ನೋ ತರಬೇತಿ ಕೇಂದ್ರವನ್ನೋ ವಿಚಾರಿಸಿದರೆ, ಅವರದೇ ಪಿಸ್ತೂಲಿನಲ್ಲಿ ಕಲಿಯಲು ಎಷ್ಟು ಶುಲ್ಕ ಎಂಬುದನ್ನು ಅವರೇ ತಿಳಿಸುತ್ತಾರೆ.

ಇಂತು ತಮ್ಮ ಓದುಗ,
ಸಿನ್ಸಿನಾಟಿ, ಒಹಾಯೊ